ಮುಷ್ಕರದ ದಿನ ಹಾಸನ–ಬೇಲೂರು–ಚಿಕ್ಕಮಗಳೂರು: ಖಾಸಗಿ ಬಸ್ಸು ಹೇಗಿರುತ್ತದೆ?

ಕೆಎಸ್‌ಆರ್‌ಟಿಸಿ ನೌಕರರು 2021ರ ಏಪ್ರಿಲ್‌ 7ರಿಂದ ಮುಷ್ಕರ ಹೂಡಿದಾಗ ಸರ್ಕಾರ ಖಾಸಗಿ ಬಸ್ಸುಗಳನ್ನೇ ಸರ್ಕಾರಿ ನಿಲ್ದಾಣದೊಳಕ್ಕೆ ಬಿಟ್ಟಿತು. 2025ರ ಆಗಸ್ಟ್‌ 5ರಂದು ಮತ್ತೆ ಮುಷ್ಕರವಾಯಿತು. ಅಂಥ ದಿನ ಈ ದಾರಿಯಲ್ಲಿ ಹೋಗುವವರಿಗೆ ನಮ್ಮ ವಿಮರ್ಶೆ ಇದು.

ಮೊದಲು ದುಡ್ಡಿನ ಮಾತು. ಶಕ್ತಿ ಯೋಜನೆಯ ಉಚಿತ ಟಿಕೆಟ್‌ ಖಾಸಗಿ ಬಸ್ಸಿನಲ್ಲಿ ನಡೆಯುವುದಿಲ್ಲ. ಹೆಂಗಸರೂ ಪೂರಾ ಚಾರ್ಜು ಕೊಡಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಹತ್ತುವ ಮೊದಲೇ ದರ ಕೇಳಿ, ಟಿಕೆಟ್‌ ಹರಿಸಿಕೊಂಡೇ ಕೂರಿ.

ಸಮಯದಲ್ಲಿ ಸೇವೆ ಸೋಲುತ್ತದೆ. ಸೀಟು ತುಂಬದೆ ಬಸ್ಸು ಅಲುಗುವುದಿಲ್ಲ. ಕಾರಣ ಸರಳ: ಡೀಸೆಲ್‌, ಬಾಟಾ (ಚಾಲಕ–ನಿರ್ವಾಹಕರ ದಿನದ ಭತ್ಯೆ) ಎರಡೂ ಅವತ್ತಿನ ಕಲೆಕ್ಷನ್ನಿನಿಂದಲೇ ಹುಟ್ಟಬೇಕು. ಬೇಲೂರಿನಲ್ಲಿ ಮತ್ತೆ ನಿಂತು ಜನ ತುಂಬಿಸುತ್ತಾರೆ, ಒಂದು ಗಂಟೆ ಹೆಚ್ಚೇ ಹಿಡಿದು ಹೊರಡಿ. ಬಸ್ಸಿನ ಬದಲು ಮ್ಯಾಕ್ಸಿಕ್ಯಾಬ್‌ (ಬಾಡಿಗೆಯ ಸಣ್ಣ ವ್ಯಾನು) ಸಿಕ್ಕರೆ, ಅದಕ್ಕೆ ಚಾಲಕನನ್ನು ಬಿಟ್ಟು 12 ಜನರ ಮಿತಿಯಿದೆ; ಬಾಗಿಲಲ್ಲಿ ಜೋತಾಡುವಷ್ಟು ತುಂಬಿದ್ದರೆ ಹತ್ತಬೇಡಿ, ಅಪಘಾತವಾದರೆ ವಿಮೆಯ ತಕರಾರು ಏಳುತ್ತದೆ.

ನಿಲ್ದಾಣದಲ್ಲಿ ಜಗಳ ಹುಟ್ಟುವುದು ಪ್ಲಾಟ್‌ಫಾರಂ ವಿಷಯಕ್ಕೆ. ಖಾಸಗಿಯವರು ತಮ್ಮ ಹೋರಾಟವನ್ನು ಮುರಿಯಲು ಬಂದವರೆಂದು ಮುಷ್ಕರನಿರತರಿಗೆ ಸಿಟ್ಟು. ಗಾಡಿ ಓಡದಿದ್ದರೆ ಅವತ್ತಿನ ಬಾಟಾ ಇಲ್ಲವೆಂದು ಖಾಸಗಿ ಚಾಲಕರಿಗೆ ಸಂಕಟ. ಸ್ಟೇರಿಂಗ್‌ ಹಿಡಿದು ಜಡ್ಡುಗಟ್ಟಿದ ಅಂಗೈ ಇಬ್ಬರದೂ ಒಂದೇ. ಬಾಕಿ ವೇತನ ಕೇಳುವವರ ಬೇಡಿಕೆ ನ್ಯಾಯವಾದದ್ದು. ಪಿಎಫ್‌, ಇಎಸ್‌ಐ ಕಾಣದೆ ದುಡಿಯುವ ಖಾಸಗಿ ನಿರ್ವಾಹಕನ ಮೇಲೆ ಮಾತ್ರ ದಯವಿಟ್ಟು ರೇಗಬೇಡಿ. ದರ ಹೆಚ್ಚು ಕೇಳಿದರೆ ಗಾಡಿ ನಂಬರು ಬರೆದುಕೊಂಡು ಆರ್‌ಟಿಒಗೆ ದೂರು ಕೊಡಿ.

ಅಂಕ: ಐದಕ್ಕೆ ಎರಡೂವರೆ. ಸಂಜೆ ಕತ್ತಲಾದ ಮೇಲೆ ಗಾಡಿ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ.