ದುರ್ಗದ ಬೈಲಿನ ಬಿಡಿ ಇಸಬಗೋಲ್: ಕೊಳ್ಳಿ, ಆದರೆ ನೋಡಿ ಕೊಳ್ಳಿ

ಹುಬ್ಬಳ್ಳಿಯ ದುರ್ಗದ ಬೈಲ್ ಸುತ್ತಿನ ಅಂಗಡಿಗಳಲ್ಲಿ ತೂಕದ ಮೇಲೆ ಸಿಗುವ, ಮಲಬದ್ಧತೆಗೆಂದು ನೀರಲ್ಲಿ ಕದಡಿ ಕುಡಿಯುವ ಬಿಡಿ ಇಸಬಗೋಲ್ ಹೊಟ್ಟು, ಔಷಧ ಅಂಗಡಿಯ ಕಿತ್ತಳೆ ರುಚಿಯ ಪುಡಿಗಿಂತ ಒಳ್ಳೆಯ ಖರೀದಿ. ಕೆಲಸ ಮಾಡುವ ಸರಕು ಎರಡರಲ್ಲೂ ಒಂದೇ: ಗುಜರಾತ್, ರಾಜಸ್ಥಾನದಲ್ಲಿ ಬೆಳೆಯುವ ಬೀಜದ ಮೇಲಿನ ತೆಳು ಸಿಪ್ಪೆ. ರುಚಿಯ ಪುಡಿಗೆ ಸಕ್ಕರೆಯನ್ನೋ ಬೇರೆ ಸಿಹಿಯನ್ನೋ ಸೇರಿಸಿರುತ್ತಾರೆ. ಸಕ್ಕರೆ ಕಾಯಿಲೆಯವರು ಡಬ್ಬಿಯ ಹಿಂಬದಿ ಓದಲೇಬೇಕು.

ಬಿಡಿ ಮಾಲು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬಿಳಿ ಕಾಗದದ ಮೇಲೆ ಚಿಟಿಕೆಯಷ್ಟು ಹರಡಿ ನೋಡಿ. ಚಲೋ ಮಾಲು ತುಸು ಗುಲಾಬಿ ಛಾಯೆಯ ಬಿಳಿ, ಊದಿದರೆ ಹಾರುವಷ್ಟು ಹಗುರ. ಕಂದು ಚೂರು ಹೆಚ್ಚಿದ್ದರೆ ಬೀಜದ ತಿರುಳು ಉಳಿದಿದೆ, ದರ್ಜೆ ಕಡಿಮೆ. ಗಾಜಿನ ಲೋಟದ ನೀರಿಗೆ ಒಂದು ಚಮಚ ಹಾಕಿ ಕದಡಿ: ಹೊಟ್ಟು ಉಬ್ಬಿ ಲೋಳೆಯಾಗುತ್ತದೆ, ಮರಳಿದ್ದರೆ ಮೊದಲೇ ತಳ ಸೇರುತ್ತದೆ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ್ದು ಬೇಡ, ತೇವ ಹೀರಿ ಗಂಟು ಕಟ್ಟಿರುತ್ತದೆ.

ಒಂದು ದೊಡ್ಡ ಚಮಚ ಅಂದರೆ ಸುಮಾರು 5 ಗ್ರಾಂ. 250 ಮಿ.ಲೀ. ನೀರಿಗೆ ಹಾಕಿ, ಕದಡಿದ ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ಮೊದಲ ವಾರ ಅರ್ಧ ಚಮಚ ಸಾಕು, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಒಣ ಹೊಟ್ಟನ್ನು ಬಾಯಿಗೆ ಸುರಿದುಕೊಳ್ಳುವ ರೂಢಿ ನಿಜಕ್ಕೂ ಅಪಾಯ, ಅದು ಗಂಟಲಲ್ಲೇ ಉಬ್ಬಿ ಕಟ್ಟಿಕೊಳ್ಳಬಹುದು. ನುಂಗಲು ತೊಂದರೆ ಇರುವವರು, ಕರುಳಿನಲ್ಲಿ ಅಡಚಣೆ ಇರುವವರು ಮುಟ್ಟಲೇಬಾರದು. ಮಲಬದ್ಧತೆ ಸಡಿಲಾಗಲು 12ರಿಂದ 72 ತಾಸು ಹಿಡಿಯುತ್ತದೆ. ಒಂದು ರಾತ್ರಿಗೆ ಆಗಲಿಲ್ಲವೆಂದು ದುಪ್ಪಟ್ಟು ಮಾಡಬೇಡಿ. ಬೇರೆ ಮಾತ್ರೆಗಳಿಗೂ ಇದಕ್ಕೂ 2 ತಾಸು ಅಂತರವಿರಲಿ, ಥೈರಾಯ್ಡ್ ಮಾತ್ರೆಗಾದರೆ 4. ದಿನಕ್ಕೆ ಸುಮಾರು 10 ಗ್ರಾಂ ಹೊಟ್ಟು ಪಿತ್ತರಸವನ್ನು ಹಿಡಿದು ಹೊರಹಾಕುವುದರಿಂದ ಕೆಟ್ಟ ಕೊಲೆಸ್ಟ್ರಾಲ್ ತುಸು ಇಳಿಯುತ್ತದೆ. ವೈದ್ಯರು ಕೊಟ್ಟ ಮಾತ್ರೆಗೆ ಅದು ಬದಲಿಯಲ್ಲ.

ಅಡಿಗೆಮನೆಯಲ್ಲೂ ಇದಕ್ಕೆ ಕೆಲಸವಿದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಲಟ್ಟಿಸುವಾಗ ಅಂಚು ಸೀಳುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಒಂದು ಸಣ್ಣ ಚಮಚ ಹೊಟ್ಟನ್ನು ಒಣದರಲ್ಲೇ ಬೆರೆಸಿ, ಕುದಿ ನೀರು ಹಾಕಿ ನಾದಿ, 5 ನಿಮಿಷ ಮುಚ್ಚಿಟ್ಟರೆ ಹಿಟ್ಟು ಹಿಡಿದುಕೊಳ್ಳುತ್ತದೆ. ಎರಡು ಚಮಚ ಹಾಕಿದರೆ ರೊಟ್ಟಿ ರಬ್ಬರಿನಂತೆ ಎಳೆಯುತ್ತದೆ, ಒಳಗೆ ಹಸಿ ಉಳಿಯುತ್ತದೆ. ಕೈಯಲ್ಲಿ ಬಡಿಯುವವರಿಗೆ ಇದರ ಅಗತ್ಯವಿಲ್ಲ. ಖಡಕ್ ರೊಟ್ಟಿಗಂತೂ ಹಾಕಬೇಡಿ: ಹೊಟ್ಟು ನೀರನ್ನು ಬಿಟ್ಟುಕೊಡುವುದಿಲ್ಲ, ರೊಟ್ಟಿ ಗರಿಗರಿಯಾಗದು.