ಹೋಂ ನರ್ಸಿಂಗ್ ಸೇವೆ, ಮೈಸೂರು: ಸಿಸ್ಟರ್‌ಗೆ ಐದು ಸ್ಟಾರ್, ಏಜೆನ್ಸಿಗೆ ಮೂರು

ನಮ್ಮ ಅತ್ತೆಗೆ 72 ವರ್ಷ. ಸಕ್ಕರೆ ಕಾಯಿಲೆ ಹಳೆಯದು, ಬಿಪಿಗೆ ಮೆಟೊಪ್ರೊಲಾಲ್ ಇದೆ. ಈ ಸಲ ಆಸ್ತಮಾ ಜೋರಾಗಿ ಆಸ್ಪತ್ರೆ ಸೇರಿದವರು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಯ 40 ಮಿ.ಗ್ರಾಂ. ಚೀಟಿ ಹಿಡಿದು ಮನೆಗೆ ಬಂದರು. ನಾವಿಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಹಗಲು ಪಾಳಿಗೆ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದಿದ ಸಿಸ್ಟರ್ ಬೇಕೆಂದು ಕೇಳಿ ಕರೆಸಿಕೊಂಡೆವು.

ಬಂದ ದಿನ ಖಾಲಿ ಹೊಟ್ಟೆಯ ಶುಗರ್ 124. ನಮಗೆಲ್ಲ ನೆಮ್ಮದಿ. ಸಿಸ್ಟರ್ ಮಾತ್ರ, "ಇದೊಂದನ್ನೇ ನಂಬ್ಬೇಡಿ ಅಕ್ಕಾ, ಬೆಳಿಗ್ಗೆ ತಗೊಂಡ ಸ್ಟಿರಾಯ್ಡ್ ಮಧ್ಯಾಹ್ನದ ಮೇಲೆ ಶುಗರ್ ಏರಿಸುತ್ತೆ" ಅಂದರು. ಸಂಜೆ ನೋಡಿದರೆ 318! ಈ ಮಾತ್ರೆ ಲಿವರ್‌ನಿಂದ ಸಕ್ಕರೆ ಹೆಚ್ಚು ಬಿಡಿಸುತ್ತದೆ, ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಪ್ರಭಾವ ಇಳಿದಿರುತ್ತದೆ. ಬೆಳಗಿನ ಒಂದೇ ಟೆಸ್ಟ್ ನೆಚ್ಚಿಕೊಂಡಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅವರೇ ಡಾಕ್ಟರಿಗೆ ಫೋನ್ ಮಾಡಿದರು, ಬೆಳಗಿನ ಹೊತ್ತಿಗೆ ಇನ್ಸುಲಿನ್ ಶುರುವಾಯಿತು.

ಅವರು ಟೆಸ್ಟ್ ಮಾಡುವುದನ್ನು ನೋಡಬೇಕು. ಅತ್ತೆ ಬಾಳೆಹಣ್ಣು ಸುಲಿದ ಕೈಯನ್ನೇ ಚಾಚಿದರೆ ಬಿಡುವುದಿಲ್ಲ. ಸೋಪು ಹಾಕಿ ತೊಳೆಸಿ, ಒಣಗಿಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚುತ್ತಾರೆ. ಹಣ್ಣಿನ ಅಂಟು ಇದ್ದರೆ ಮೀಟರ್ ಸುಳ್ಳೇ ಹೆಚ್ಚು ತೋರಿಸುತ್ತದಂತೆ.

ನನಗೆ ಅವರ ಮೇಲೆ ಪೂರ್ತಿ ಭರವಸೆ ಬಂದದ್ದು ಸ್ಟಿರಾಯ್ಡ್ ಇಳಿಸುವಾಗ. ಡೋಸ್ 20ಕ್ಕೆ ಬರುವ ಮೊದಲೇ, ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕೆಂದು ಡಾಕ್ಟರನ್ನು ಕೇಳಿ ಬರೆದಿಟ್ಟರು. ಮಾತ್ರೆ ಇಳಿದು ಇನ್ಸುಲಿನ್ ಹಾಗೇ ಉಳಿದರೆ ಶುಗರ್ ಕುಸಿಯುತ್ತದೆ. ಅದರಲ್ಲೂ ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೆ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಕಾಣದೇ ಹೋಗಬಹುದು, ಬೆವರು ಮಾತ್ರ ಬರುತ್ತದೆ. ಹಾಗಾಗಿ ರಾತ್ರಿ ಅತ್ತೆಯ ಕತ್ತಿನ ಹಿಂಭಾಗ ಮುಟ್ಟಿ ನೋಡುವುದನ್ನು ನನಗೆ ಕಲಿಸಿದರು. 70ಕ್ಕಿಂತ ಕೆಳಗೆ ಬಂದು ಎಚ್ಚರ ಇದ್ದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಟೆಸ್ಟ್. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಂಬ್ಯುಲೆನ್ಸ್ ಕರೆಯಬೇಕು. ಇಷ್ಟನ್ನೂ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ.

ಏಜೆನ್ಸಿಗೆ ಎರಡು ಸ್ಟಾರ್ ಕಡಿಮೆ ಕೊಟ್ಟದ್ದು ಭಾನುವಾರದ ಬದಲಿ ನರ್ಸ್‌ನಿಂದಾಗಿ. ಬೆಳಿಗ್ಗೆ ಒಮ್ಮೆ ನೋಡಿ, ಸಂಜೆಯ ಕಾಲಂ ಖಾಲಿ ಬಿಟ್ಟು ಹೋದರು. ಆಫೀಸಿಗೆ ಫೋನ್ ಮಾಡಿದರೆ "ದಿನಕ್ಕೊಂದು ಸಲ ಸಾಕಲ್ವಾ ಮೇಡಂ" ಎಂಬ ಉತ್ತರ. ಸ್ಟಿರಾಯ್ಡ್ ಮೇಲಿರುವ ಸಕ್ಕರೆ ರೋಗಿಗೆ ಖಂಡಿತ ಸಾಲದು. ಇಲ್ಲಿ ಬುಕ್ ಮಾಡುವವರು ರೋಗಿಯ ಮಾತ್ರೆಗಳ ಪಟ್ಟಿಯನ್ನೂ ಟೆಸ್ಟ್ ಮಾಡಬೇಕಾದ ಹೊತ್ತನ್ನೂ ಬದಲಿ ನರ್ಸ್ ಕೈಗೆ ನೀವೇ ಬರೆದುಕೊಡಿ.