ಕಾಗದ, ರಾಸ್ಟರ್, ಇಎನ್‌ಸಿ: ಒಂದೇ ದಾರಿಗೆ ಮೂರು ಸಲ ಗೆರೆ ಎಳೆದ ಅನುಭವ

ಹಡಗಿನ ಸೆಕೆಂಡ್ ಆಫೀಸರ್‌ಗೆ ಪ್ಯಾಸೇಜ್ ಪ್ಲಾನ್ ಮಾಡುವುದು ಮುಖ್ಯ ಕೆಲಸ. ಹೊರಡುವ ಬರ್ತ್‌ನಿಂದ ಸೇರುವ ಬರ್ತ್‌ವರೆಗೆ ದಾರಿ ಪೂರ್ತಿ ಗೊತ್ತಾಗಿರಬೇಕು. ನಡುಸಮುದ್ರದ ಪಾಲು ಸುಲಭ. ಮಲಕ್ಕಾ ಮತ್ತು ಸಿಂಗಪುರ ಜಲಸಂಧಿಯಂಥ ಕಡೆ ಬಂದಾಗ ಕೈ ತಾನಾಗಿಯೇ ನಿಧಾನವಾಗುತ್ತದೆ. ಅಲ್ಲಿ 15 ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಡ್ರಾಫ್ಟ್ (ಹಡಗು ನೀರಿನೊಳಗೆ ಮುಳುಗಿರುವ ಆಳ) ಇರುವ ಹಡಗಿನ ತಳದ ಕೆಳಗೆ ಯಾವಾಗಲೂ ಕನಿಷ್ಠ 3.5 ಮೀಟರ್ ನೀರು ಇರಲೇಬೇಕು ಎಂಬ ನಿಯಮವಿದೆ. ನೀರು ಎಷ್ಟು ಕಡಿಮೆ ಎಂಬುದಕ್ಕೆ ಇಷ್ಟು ಸಾಕು. ಈ ದಾರಿಯನ್ನು ನಾನು ಬೇರೆ ಬೇರೆ ಹಡಗುಗಳಲ್ಲಿ ಕಾಗದದ ಚಾರ್ಟ್ (ಸಮುದ್ರದ ನಕ್ಷೆ) ಮೇಲೆ, ಪರದೆಯಲ್ಲಿ ಕಾಣುವ ರಾಸ್ಟರ್ ಚಾರ್ಟ್ ಮೇಲೆ, ಇಎನ್‌ಸಿ ಎಂಬ ಎಲೆಕ್ಟ್ರಾನಿಕ್ ಚಾರ್ಟ್ ಮೇಲೆ ಹಾಕಿದ್ದೇನೆ.

ಇವತ್ತು ಆರಿಸು ಅಂದರೆ ನನ್ನ ಆಯ್ಕೆ ಇಎನ್‌ಸಿಯೇ. ಆದರೆ ಕಾಗದ ಕಲಿಸಿದ ಒಂದು ಅಭ್ಯಾಸವನ್ನು ಅದರ ಜೊತೆಗೆ ಇಟ್ಟುಕೊಂಡರೆ ಮಾತ್ರ.

ಕಾಗದದಲ್ಲಿ ಪ್ಲಾನ್ ಮಾಡಲು ನನಗೆ ಎರಡು ದಿನ ಹಿಡಿಯುತ್ತಿತ್ತು. ಮೊದಲು ಹಿಂದಿನ ಪ್ರಯಾಣದ ಗೆರೆ ಅಳಿಸಬೇಕು. ಆಮೇಲೆ ಪ್ಯಾರಲಲ್ ರೂಲರ್, ಡಿವೈಡರ್, 2ಬಿ ಪೆನ್ಸಿಲ್. ನಮ್ಮ ಹಡಗು ಹೋಗಬಾರದ ಜಾಗಕ್ಕೆಲ್ಲ ಅಡ್ಡಗೆರೆ ಹಾಕಿ ತುಂಬುವುದು. ಒಂದು ಚಾರ್ಟ್‌ನಿಂದ ಮುಂದಿನದಕ್ಕೆ ದಾಟುವಾಗ ಅಕ್ಷಾಂಶ, ರೇಖಾಂಶ ಎರಡು ಸಲ ತಾಳೆ ನೋಡುವುದು. ಕೆಲವು ಹಳೆಯ ಚಾರ್ಟ್‌ಗಳ ಡೇಟಮ್, ಅಂದರೆ ಅಕ್ಷಾಂಶ, ರೇಖಾಂಶ ಅಳೆಯುವ ಆಧಾರ, ಬೇರೆ ಇರುತ್ತಿತ್ತು. ಜಿಪಿಎಸ್ ಕೊಟ್ಟ ಜಾಗವನ್ನು ಹಾಗೆಯೇ ಇಳಿಸಿದರೆ ಪೆನ್ಸಿಲ್ ಗುರುತು ತಪ್ಪಾದ ಕಡೆ ಬೀಳುತ್ತಿತ್ತು. ಇನ್ನು ವಾರವಾರದ ತಿದ್ದುಪಡಿ ಇದ್ದೇ ಇತ್ತು. ಟ್ರೇಸಿಂಗ್ ಇಟ್ಟು ಚುಚ್ಚಿ, ನೇರಳೆ ಶಾಯಿಯಲ್ಲಿ ಒಂದೊಂದೇ ಬರೆಯುವುದರಲ್ಲಿ ಅರ್ಧ ದಿನ ಹೋಗುತ್ತಿತ್ತು.

ಇಷ್ಟೆಲ್ಲ ಕಷ್ಟದಲ್ಲಿ ಒಂದು ಲಾಭ ಇತ್ತು. ಗೆರೆ ಎಳೆಯುವಾಗ ಅದರ ಅಕ್ಕಪಕ್ಕದ ಪ್ರತಿಯೊಂದು ಆಳದ ಅಂಕಿಯ ಮೇಲೂ ಕಣ್ಣು ಹಾಯುತ್ತಿತ್ತು. ಬೇಡವೆಂದರೂ ಓದಿಬಿಡುತ್ತಿದ್ದೆವು. ಕೆಲಸ ಮುಗಿಯುವ ಹೊತ್ತಿಗೆ ದಾರಿ ಅರ್ಧ ಬಾಯಿಪಾಠ ಆಗಿರುತ್ತಿತ್ತು.

ರಾಸ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಕಾಗದದ ಚಾರ್ಟ್‌ನ ಸ್ಕ್ಯಾನ್ ಮಾಡಿದ ಚಿತ್ರ. ನೋಡಿದ ಕೂಡಲೇ ಹಳೆಯ ಪರಿಚಯ ಅನ್ನಿಸುತ್ತದೆ. ಆದರೆ ಪರದೆಯನ್ನು ಕೋರ್ಸ್-ಅಪ್‌ಗೆ (ಹಡಗು ಹೋಗುವ ದಿಕ್ಕು ಮೇಲೆ ಬರುವಂತೆ) ತಿರುಗಿಸಿದರೆ ಅಕ್ಷರಗಳೂ ತಲೆಕೆಳಗಾಗುತ್ತವೆ. ಹಿಗ್ಗಿಸಿದರೆ ಹೊಸದೇನೂ ಕಾಣುವುದಿಲ್ಲ, ಇದ್ದದ್ದೇ ದೊಡ್ಡದಾಗಿ ಮಸುಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಚಿತ್ರದಲ್ಲಿರುವ ಆಳ ಎಷ್ಟು ಅಂತ ಯಂತ್ರಕ್ಕೆ ಗೊತ್ತೇ ಇಲ್ಲ. ನಾವೇ ಅಪಾಯದ ಗೆರೆ ಹಾಕಿಕೊಡದಿದ್ದರೆ ಅದು ಸುಮ್ನೆ ಇರುತ್ತದೆ. ಕಾಗದದ ದುಡಿಮೆಯೂ ಉಳಿಯಿತು, ಯಂತ್ರದ ಲಾಭವೂ ಸಿಗಲಿಲ್ಲ. ಮೂರರಲ್ಲಿ ನನಗೆ ಕಡಿಮೆ ಇಷ್ಟವಾದದ್ದು ಇದೇ.

ಇಎನ್‌ಸಿ ಚಿತ್ರವಲ್ಲ, ಮಾಹಿತಿಯ ಕಣಜ. ಒಂದು ಬೋಯ್ (ದಾರಿ ತೋರಲು ನೀರಲ್ಲಿ ತೇಲುವ ಗುರುತು) ಮೇಲೆ ಕ್ಲಿಕ್ ಮಾಡಿದರೆ ಅದರ ಬೆಳಕಿನ ಲಯ, ಬಣ್ಣ, ಹೆಸರು ಎಲ್ಲ ಬರುತ್ತದೆ. ನಮ್ಮ ಹಡಗಿನ ಡ್ರಾಫ್ಟ್‌ಗೆ ತಕ್ಕಂತೆ ಚಾರ್ಟ್‌ನ ಬಣ್ಣವೇ ಬದಲಾಗುತ್ತದೆ. ವಾರದ ತಿದ್ದುಪಡಿ ಕೆಲವೇ ನಿಮಿಷದಲ್ಲಿ ಇಳಿದುಬಿಡುತ್ತದೆ. ಅರ್ಧ ದಿನದಲ್ಲಿ ದಾರಿ ತಯಾರು. ಮೊದಲ ಸಲ ನಾನು ಇಲ್ಲೇ ಎಡವಿದ್ದು: ಗೆರೆ ಎಳೆದಾಯಿತು ಅಂದರೆ ಕೆಲಸ ಮುಗಿಯಿತು ಅಂದುಕೊಂಡೆ.

ಸೇಫ್ಟಿ ಕಾಂಟೂರ್, ಅಂದರೆ ಹಡಗಿಗೆ ಸಾಕಾಗುವ ನೀರನ್ನೂ ಸಾಲದ ನೀರನ್ನೂ ಬೇರೆ ಮಾಡುವ ಆಳದ ಗೆರೆ. ಅದರ ಲೆಕ್ಕವನ್ನೇ ನೋಡಿ. ಡ್ರಾಫ್ಟ್ 12.2 ಮೀಟರ್. ವೇಗಕ್ಕೆ ಹಡಗು ಕೆಳಗೆ ಕೂರುವ ಸ್ಕ್ವಾಟ್ 0.9. ತಳದ ಕೆಳಗೆ ಇರಬೇಕಾದ ನೀರು, ಡ್ರಾಫ್ಟ್‌ನ ಶೇ. 10 ಅಂದರೆ 1.2. ಇದರ ಮೇಲೆ ಸರ್ವೆಯ ಗುಣಮಟ್ಟ. ಚಾರ್ಟ್‌ನಲ್ಲಿ ನಾಲ್ಕು ನಕ್ಷತ್ರ ಕಂಡರೆ ಅದು ಬಿ ದರ್ಜೆ. ಅಲ್ಲಿ ಜಾಗದಲ್ಲಿ 50 ಮೀಟರ್, ಆಳದಲ್ಲಿ 1 ಮೀಟರ್ ಜೊತೆಗೆ ಆಳದ ಶೇ. 2ರಷ್ಟು ಹೆಚ್ಚುಕಮ್ಮಿ ಇರಬಹುದು. 15 ಮೀಟರ್ ನೀರಿಗೆ ಅದು 1.3 ಆಯಿತು. ಎಲ್ಲ ಕೂಡಿದರೆ 15.6. ಭರತದ ನೀರನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅದು ಕೈಯಲ್ಲಿ ಉಳಿಯಲಿ ಅಂತ.

15.6 ಅಂತ ಹಾಕಿದೆ. ನಾನು ತೆರೆದಿದ್ದ ಸೆಲ್‌ನಲ್ಲಿ (ಇಎನ್‌ಸಿಯ ಒಂದು ತುಂಡು) 10ರ ಗೆರೆ ಇತ್ತು, 20ರ ಗೆರೆ ಇತ್ತು, ನಡುವೆ ಏನೂ ಇರಲಿಲ್ಲ. ಕೇಳಿದ ಗೆರೆ ಇಲ್ಲದಿದ್ದರೆ ಎಕ್‌ಡಿಸ್ (ಇಎನ್‌ಸಿ ತೋರಿಸುವ ಬ್ರಿಡ್ಜ್‌ನ ಯಂತ್ರ) ಅದಕ್ಕಿಂತ ಆಳದ ಮುಂದಿನ ಗೆರೆ ಹಿಡಿಯುತ್ತದೆ. ಅದು 20ಕ್ಕೆ ಹಾರಿತು. ನಾವು ಆರಾಮಾಗಿ ಹೋಗಬಹುದಾದ 17, 18 ಮೀಟರ್ ನೀರೆಲ್ಲ ನೀಲಿಯಾಗಿ, ದಾರಿಯೇ ಇಲ್ಲವೇನೋ ಅನ್ನುವಂತೆ ಕಂಡಿತು. ಇಲ್ಲಿ ಕೈಬಿಟ್ಟು 10 ಅಂತ ಹಾಕಿದರೆ ಬಣ್ಣ ಚೆಂದ ಆಗುತ್ತದೆ, ಆದರೆ ಅಪಾಯ ಮುಚ್ಚಿಹೋಗುತ್ತದೆ. ಹಾಗೆ ಮಾಡಲೇಬಾರದು. ಸೇಫ್ಟಿ ಡೆಪ್ತ್ ಕೂಡ 15.6 ಇಟ್ಟರೆ, ಅದಕ್ಕಿಂತ ಕಡಿಮೆ ಇರುವ ಅಂಕಿಗಳು ದಪ್ಪಗೆ ಕಾಣುತ್ತವೆ. ಆ ದಪ್ಪ ಅಂಕಿಗಳನ್ನು ನೋಡಿಕೊಂಡು, ಕಾಗದದಲ್ಲಿ ಮಾಡುತ್ತಿದ್ದಂತೆಯೇ ನಮ್ಮದೇ ಒಂದು ಮಿತಿಯ ಗೆರೆ ಕೈಯಾರೆ ಎಳೆದೆ.

ಆಮೇಲೆ ರೂಟ್ ಚೆಕ್, ಅಂದರೆ ಹಾಕಿದ ದಾರಿಯಲ್ಲಿ ಅಪಾಯ ಇದೆಯೇ ಅಂತ ಯಂತ್ರವೇ ನೋಡುವುದು. ಗೆರೆಯ ಎರಡೂ ಪಕ್ಕ ಇಷ್ಟು ದೂರ ನೋಡು ಅಂತ ಎಕ್ಸ್‌ಟಿಡಿ ಕೊಡುತ್ತೇವಲ್ಲ, ಅದನ್ನು ನಡುಸಮುದ್ರದ 2 ಮೈಲಿಗೇ ಬಿಟ್ಟಿದ್ದೆ. ಜಲಸಂಧಿಯೊಳಗೆ ಇನ್ನೂರಕ್ಕೂ ಹೆಚ್ಚು ಎಚ್ಚರಿಕೆ ಬಂದವು. ಪಕ್ಕದ ದಡ, ಆಚೆಯ ದಿಬ್ಬ ಎಲ್ಲವೂ ಪಟ್ಟಿಯಲ್ಲಿ. ಓದಿ ಓದಿ ಕಣ್ಣು ಸೋತು, ಸ್ಕ್ರಾಲ್ ಮಾಡಿ ಮುಗಿಸಿದೆ. ಕ್ಯಾಪ್ಟನ್ ಬಂದು ನೋಡಿದರು. “ಇದರಲ್ಲಿ ಎಷ್ಟು ಓದಿದೆ?” ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಅವರೇ ಮುಂದುವರಿಸಿದರು: “ಒಂದೊಂದು ಲೆಗ್‌ಗೂ (ಎರಡು ತಿರುವಿನ ನಡುವಿನ ನೇರ ಗೆರೆ) ಎಕ್ಸ್‌ಟಿಡಿ ಬೇರೆ ಹಾಕು. ಆಮೇಲೆ ಹಿಗ್ಗಿಸಿಕೊಂಡು, ಮೊದಲಿಂದ ಕೊನೆವರೆಗೆ ಬೆರಳಿಟ್ಟು ಹೋಗು.”

ಹಾಗೇ ಮಾಡಿದೆ. ಎಚ್ಚರಿಕೆಗಳು ಮೂವತ್ತರ ಒಳಗೆ ಬಂದವು. ಅದರಲ್ಲೊಂದು, ತಿರುವಿನ ಹೊರಗಡೆ ಮುಳುಗಿದ್ದ ಹಡಗು. ಮೇಲಿನ ನೀರು 14.1 ಮೀಟರ್. ಮೊದಲ ಪಟ್ಟಿಯಲ್ಲೂ ಅದು ಇತ್ತು. ನಾನೇ ದಾಟಿಸಿಕೊಂಡು ಹೋಗಿದ್ದೆ. ತಿರುವು ತಡವಾದರೆ ಹಡಗು ಸರಿಯುವುದು ಆ ಕಡೆಗೇ. ವೀಲ್ ಓವರ್ ಪಾಯಿಂಟ್, ಅಂದರೆ ತಿರುವಿಗೆ ಚುಕ್ಕಾಣಿ ತಿರುಗಿಸುವ ಜಾಗ, ಹಿಂದಕ್ಕೆ ತಂದೆ, ಗೆರೆಯನ್ನೂ ಸ್ವಲ್ಪ ಸರಿಸಿದೆ.

ಹಿಗ್ಗಿಸಿಕೊಂಡು ನೋಡು ಅಂದದ್ದಕ್ಕೂ ಕಾರಣವಿದೆ. ಪರದೆ ಕಿಕ್ಕಿರಿಯಬಾರದು ಅಂತ ಇಎನ್‌ಸಿಯಲ್ಲಿ ಸ್ಕ್ಯಾಮಿನ್ ಎಂಬ ವ್ಯವಸ್ಥೆ ಇದೆ. ದೂರದಿಂದ ನೋಡುವಾಗ ಎಷ್ಟೋ ವಿವರಗಳು ತಾವಾಗಿಯೇ ಮರೆಯಾಗುತ್ತವೆ. ಇಡೀ ದಾರಿ ಒಂದೇ ಪರದೆಗೆ ಹಿಡಿಸುವ ಹಾಗೆ ಕುಗ್ಗಿಸಿ ಗೆರೆ ಎಳೆದರೆ ಸಮುದ್ರ ಖಾಲಿ ಇದ್ದಂತೆ ಕಾಣುತ್ತದೆ. ಕಾಗದದ ಚಾರ್ಟ್ ಹೀಗೆ ಏನನ್ನೂ ಅಡಗಿಸುವುದಿಲ್ಲ, ಅಲ್ವಾ?

2013ರ ಸೆಪ್ಟೆಂಬರ್ 18ರಂದು ಓವಿಟ್ ಎಂಬ ಕೆಮಿಕಲ್ ಟ್ಯಾಂಕರ್ ಡೋವರ್ ಜಲಸಂಧಿಯ ವಾರ್ನ್ ಬ್ಯಾಂಕ್ ಮೇಲೆ ಕೂತದ್ದು ನನಗೆ ಪ್ರತಿ ಪ್ಲಾನ್ ಮಾಡುವಾಗಲೂ ನೆನಪಾಗುತ್ತದೆ. ಎಕ್‌ಡಿಸ್‌ನಲ್ಲಿ ಹಾಕಿದ ದಾರಿಯೇ ಆ ದಿಬ್ಬದ ಮೇಲೆ ಹಾದುಹೋಗಿತ್ತು. ಹಾಕಿದವರು ಅನುಭವ ಕಡಿಮೆಯ ಕಿರಿಯ ಅಧಿಕಾರಿ. ಯಾರೂ ಅದನ್ನು ಮತ್ತೆ ನೋಡಿರಲಿಲ್ಲ. ಹಡಗು ನೆಲ ಹಿಡಿದದ್ದು ವಾಚ್‌ನಲ್ಲಿದ್ದವರಿಗೆ ತಿಳಿಯಲು 19 ನಿಮಿಷ ಬೇಕಾಯಿತು.

ಹಾಗಂತ ಕಾಗದವೇ ಕಾಪಾಡುತ್ತದೆ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. 2011ರಲ್ಲಿ ಸಿಎಂಎ ಸಿಜಿಎಂ ಲಿಬ್ರಾ ಚೀನಾದ ಶಿಯಾಮೆನ್ ಬಿಡುವಾಗ ನೆಲಕ್ಕೆ ತಗುಲಿತು. ಅವರು ಬಳಸಿದ್ದು ಕಾಗದದ ಚಾರ್ಟ್. ಫೇರ್‌ವೇ (ಹಡಗು ಓಡಾಡುವ ಗುರುತಿಸಿದ ದಾರಿ) ಹೊರಗೆ ಆಳ ಚಾರ್ಟ್‌ನಲ್ಲಿ ಇರುವುದಕ್ಕಿಂತ ಕಡಿಮೆ ಎಂಬ ಸೂಚನೆ ಮೊದಲೇ ಬಂದಿತ್ತು. ಅದು ಪ್ಲಾನ್‌ನಲ್ಲೂ ಇರಲಿಲ್ಲ, ಚಾರ್ಟ್ ಮೇಲೂ ಇರಲಿಲ್ಲ. ಪ್ಯಾಸೇಜ್ ಪ್ಲಾನ್ ಹೀಗೆ ಕೆಟ್ಟಿದ್ದರೆ ಹಡಗೇ ಪ್ರಯಾಣಕ್ಕೆ ಯೋಗ್ಯವಲ್ಲ ಅಂತ 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿತು. ಇಎನ್‌ಸಿಯಲ್ಲೂ ಈ ಮಾತು ನೆನಪಿರಬೇಕು. ತಾತ್ಕಾಲಿಕ ಸೂಚನೆಗಳನ್ನು ಎಲ್ಲ ದೇಶಗಳೂ ತಮ್ಮ ಇಎನ್‌ಸಿಗೆ ಸೇರಿಸುವುದಿಲ್ಲ. ಅಪ್‌ಡೇಟ್ ಇಳಿಯಿತು ಅಂತ ಬಿಡದೆ, ಸೂಚನೆಗಳನ್ನು ಬೇರೆಯಾಗಿ ಓದಿ ಕೈಯಾರೆ ಸೇರಿಸಬೇಕು.

ಎಕ್‌ಡಿಸ್ ಬದಲು ಬೇರೆ ಕಂಪ್ಯೂಟರ್‌ನಲ್ಲಿ ಪ್ಲಾನ್ ಮಾಡುವ ತಂತ್ರಾಂಶವನ್ನೂ ಬಳಸಿ ನೋಡಿದೆ. ಬಂದರಿನ ಹೆಸರು ಕೊಟ್ಟರೆ ದಾರಿ ತಾನೇ ಹಾಕಿಕೊಡುತ್ತದೆ. ದೂರ, ಸಮಯದ ಅಂದಾಜಿಗೆ ತುಂಬಾ ಅನುಕೂಲ. ಕುತ್ತಿಗೆ ನೋಯಿಸಿಕೊಂಡು ಬ್ರಿಡ್ಜ್‌ನಲ್ಲಿ ನಿಲ್ಲಬೇಕಿಲ್ಲ. ಆದರೆ ಅಲ್ಲಿಂದ ಆರ್‌ಟಿಝಡ್ ಫೈಲ್ (ದಾರಿಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯುವ ಫೈಲ್) ಮಾಡಿ ಎಕ್‌ಡಿಸ್‌ಗೆ ತಂದಾಗ, ಅಲ್ಲಿ ಇಟ್ಟಿದ್ದ ಸೇಫ್ಟಿ ಕಾಂಟೂರ್ ಜೊತೆಗೆ ಬರಲಿಲ್ಲ. ಹಾಗಾಗಿ ತಂದ ಮೇಲೆ ರೂಟ್ ಚೆಕ್ ಮತ್ತೆ ಮೊದಲಿಂದ ಮಾಡುತ್ತೇನೆ.

ಈಗ ಗೆರೆ ಎಳೆಯಲು ಅರ್ಧ ದಿನ, ನೋಡಲು ಇನ್ನರ್ಧ ದಿನ ಇಟ್ಟುಕೊಳ್ಳುತ್ತೇನೆ. ಕಾಗದ ತಿನ್ನುತ್ತಿದ್ದ ಎರಡು ದಿನದಲ್ಲಿ ಒಂದು ಉಳಿಯಿತು. ಹೊಸ ಹಡಗಿಗೆ ಸೇರಿದ ದಿನ ಎಕ್‌ಡಿಸ್ ಮುಂದೆ ನಿಂತು ಮೊದಲು ತೆರೆಯುವುದು ಸೇಫ್ಟಿ ಕಾಂಟೂರ್‌ನ ಪೆಟ್ಟಿಗೆಯನ್ನು. ಹೋದ ಸಲ ಅಲ್ಲಿ ಹಿಂದಿನ ಪ್ರಯಾಣದ ಅಂಕಿ ಹಾಗೇ ಉಳಿದಿತ್ತು, ಖಾಲಿ ಹಡಗಿಗೆ ಹಾಕಿದ್ದು. ನಾವು ಪೂರ್ತಿ ಸರಕು ತುಂಬಿಕೊಂಡು ಹೊರಡುವವರಿದ್ದೆವು.